ಗ್ರೋತ್ ಹಾರ್ಮೋನ್ ಡೋಸ್ ಅದೇ ಇದೆ, ಐಜಿಎಫ್-1 ಮಾತ್ರ ಅರ್ಧಕ್ಕೆ ಇಳಿದಿದೆ. ಯಾರಿಗಾದ್ರೂ ಹೀಗಾಗಿದೆಯಾ?

ಕುಕ್ಕರಹಳ್ಳಿ_ವಾಕರ್
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಓದ್ತಾ ಇದ್ದೀನಿ, ಬರೀತಿರೋದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನನಗೆ 36. ಆರು ವರ್ಷದ ಹಿಂದೆ ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ ಅಂತ ಮೂಗಿನ ಮೂಲಕ ಆಪರೇಷನ್ ಆಯ್ತು. ಗಡ್ಡೆ ಹೋಯ್ತು, ಅದರ ಜೊತೆ ಪಿಟ್ಯುಟರಿ ಕೆಲಸವೂ ನಿಂತುಹೋಯ್ತು. ಬೆಳಿಗ್ಗೆ ಥೈರಾಕ್ಸಿನ್, ದಿನಕ್ಕೆ ಎರಡು ಸಲ ಹೈಡ್ರೋಕಾರ್ಟಿಸೋನ್, ರಾತ್ರಿ ಮಲಗೋ ಮುಂಚೆ ಗ್ರೋತ್ ಹಾರ್ಮೋನ್ ಇಂಜೆಕ್ಷನ್ 0.4 ಮಿ.ಗ್ರಾಂ. ಇಂಜೆಕ್ಷನ್ ಶುರುಮಾಡಿ ಎರಡೂವರೆ ವರ್ಷ ಆಯ್ತು.

ಅದು ಮಕ್ಕಳಿಗೆ ಕೊಡೋದಲ್ವಾ ಅಂತ ಎಲ್ಲರೂ ಕೇಳ್ತಾರೆ. ದೊಡ್ಡವರಿಗೂ ಬೇಕು. ಅದಿಲ್ಲದ ದಿನಗಳಲ್ಲಿ ನಾನು ಒದ್ದೆ ಬಟ್ಟೆ ಬಕೆಟ್ ಹಿಡ್ಕೊಂಡು ತಾರಸಿಗೆ ಹೊರಟು, ಅರ್ಧ ಮೆಟ್ಟಿಲಲ್ಲೇ ಬಕೆಟ್ ಇಟ್ಟು ಕೂತುಬಿಡ್ತಿದ್ದೆ. ಇಂಜೆಕ್ಷನ್ ತಗೊಂಡ ಆರು ತಿಂಗಳಿಗೆ ಕೆರೆ ಸುತ್ತ ಒಂದು ಸುತ್ತು ಪೂರ್ತಿ ನಡೆದೆ. ಆ ದಿನ ನನ್ನ ಗಂಡ ಫೋಟೋ ತೆಗೆದು ಇಟ್ಕೊಂಡಿದ್ದಾರೆ.

ಈಗಿನ ಸಮಸ್ಯೆ ಹೀಗಿದೆ. ಕಳೆದ ವರ್ಷ ಐಜಿಎಫ್-1, ಅಂದ್ರೆ ಗ್ರೋತ್ ಹಾರ್ಮೋನ್ ಕೆಲಸ ಮಾಡ್ತಿದೆಯಾ ಅಂತ ರಕ್ತದಲ್ಲಿ ಅಳೆದು ನೋಡೋ ಅಂಶ, ಮಿಲಿಲೀಟರಿಗೆ 172 ನ್ಯಾನೋಗ್ರಾಂ ಇತ್ತು. ಹೋದ ವಾರ ಮಾಡಿಸಿದ್ರೆ 88. ಅದೇ ಲ್ಯಾಬ್, ಅದೇ ಕಂಪನಿ ಪೆನ್, ಒಂದು ದಿನವೂ ತಪ್ಪಿಸಿಲ್ಲ. ತೂಕ ಹೆಚ್ಚುಕಡಿಮೆ ಅಷ್ಟೇ. ಶುಗರ್ ಇಲ್ಲ. ಲಿವರ್ ಟೆಸ್ಟ್ ನಾರ್ಮಲ್. ಮೂಳೆ ಸ್ಕ್ಯಾನಿನಲ್ಲಿ ಸಾಂದ್ರತೆ ಕಡಿಮೆ ಬಂತು ಅಂತ ಗೈನಕಾಲಜಿಸ್ಟ್ ಒಂದು ಮಾತ್ರೆ ಸೇರಿಸಿದ್ದಾರೆ, ಅದು ಬಿಟ್ರೆ ಬೇರೇನೂ ಬದಲಾಗಿಲ್ಲ. ಮತ್ತೆ ಆ ಮೆಟ್ಟಿಲ ಸುಸ್ತು ಶುರುವಾಗಿದೆ, ಅದೇ ಭಯ. ಡಾಕ್ಟರ್ ಅಪಾಯಿಂಟ್‌ಮೆಂಟ್ ಇನ್ನೂ ಮೂರು ವಾರ ಇದೆ.

ಹಾಸನ_ಪ್ರಕಾಶ್
ಫ್ರಿಜ್ ನೋಡಿ ಮೊದಲು. ನಮ್ಮ ತಂದೆ ಇನ್ಸುಲಿನ್ ಹೀಗೇ ಕೆಟ್ಟಿತ್ತು. ಮೇ ತಿಂಗಳಲ್ಲಿ ದಿನಕ್ಕೆ ನಾಲ್ಕು ಗಂಟೆ ಕರೆಂಟ್ ಹೋಗ್ತಿತ್ತು, ಯಾರೂ ಯೋಚನೆ ಮಾಡಿರ್ಲಿಲ್ಲ.

ಕುಡ್ಲದ_ಮೀನು
ಅಥವಾ ತಣ್ಣಗೆ ಜಾಸ್ತಿ ಆಗಿ ಹಾಳಾಗಿರ್ಬಹುದು. ಹಿಂದಿನ ಗೋಡೆಗೆ ತಾಗಿಸಿ ಇಟ್ರೆ ಹೆಪ್ಪುಗಟ್ತದೆ. ಪ್ರೋಟೀನ್ ಔಷಧಿ ಒಮ್ಮೆ ಹೆಪ್ಪುಗಟ್ಟಿದ್ರೆ ಮತ್ತೆ ಕರಗಿದ್ರೂ ಉಪಯೋಗ ಇಲ್ಲ. 2ರಿಂದ 8 ಡಿಗ್ರಿ ಇರ್ಬೇಕು.

ಕುಕ್ಕರಹಳ್ಳಿ_ವಾಕರ್
ಪೆನ್ ಬಾಗಿಲ ಮೇಲಿನ ಅರೆಯಲ್ಲಿ, ಸ್ಟೀಲ್ ಡಬ್ಬದೊಳಗೆ, ಬಟ್ಟೆ ಸುತ್ತಿ ಇಡ್ತೀನಿ. ಪಕ್ಕದಲ್ಲೇ ಥರ್ಮಾಮೀಟರ್ ಇದೆ. ಮನೆಗೆ ಯುಪಿಎಸ್ ಹಾಕಿಸಿದ್ದೇ ಇದಕ್ಕೋಸ್ಕರ. ಫ್ರಿಜ್ ಕಾರಣ ಅಲ್ಲ ಅಂತ ಧೈರ್ಯವಾಗಿ ಹೇಳ್ತೀನಿ. ಮೆಡಿಕಲ್ ಶಾಪಿಂದ ಬರೋ ದಾರಿಯಲ್ಲಿ ಏನಾದ್ರೂ ಆಗಿದ್ರೆ ಗೊತ್ತಿಲ್ಲ, ಆದ್ರೆ ಎರಡು ಬೇರೆ ಬೇರೆ ಬ್ಯಾಚ್ ಬಳಸಿದ್ದೀನಿ.

ಧಾರವಾಡ_ಪೇಢೆ
ನಮ್ಮ ಅಕ್ಕಗೂ ಹಿಂಗ ಆಗಿತ್ರೀ. ಬಾಣಂತನದಾಗ ರಕ್ತ ಭಾಳ ಹೋಗಿ ಪಿಟ್ಯುಟರಿ ಒಣಗಿತ್ತು, ಶೀಹನ್ ಸಿಂಡ್ರೋಮ್ ಅಂದ್ರು. ಹಾಲು ಬರ್ಲಿಲ್ಲ, ಮುಟ್ಟು ಬರ್ಲಿಲ್ಲ, ಹತ್ತು ವರ್ಷ ಯಾರಿಗೂ ತಿಳೀಲಿಲ್ಲ. "ರಕ್ತ ಕಡಿಮಿ ಐತಿ" ಅಂತ ಬರೇ ಕಬ್ಬಿಣದ ಮಾತ್ರಿ ಕೊಟ್ಟು ಕಳಿಸ್ತಿದ್ರು. ಅಕ್ಕಗ ಗ್ರೋತ್ ಹಾರ್ಮೋನ್ ಕೊಟ್ಟಿಲ್ರೀ, ರೊಕ್ಕ ಹೊಂದಲಿಲ್ಲ. ನಿಮ್ದು ಓದಿ ಕಣ್ಣಾಗ ನೀರು ಬಂತು ನೋಡ್ರಿ.

ಹಸಿರುಮನೆ
ಒಂದು ಹಾರ್ಮೋನ್, ಅದರ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು. ದೇಹಕ್ಕೆ ತನ್ನಷ್ಟಕ್ಕೆ ಸರಿಹೋಗೋಕೆ ಸ್ವಲ್ಪ ಅವಕಾಶ ಕೊಡಿ ಅಂತ ನನ್ನ ಅಭಿಪ್ರಾಯ. ಆರು ತಿಂಗಳು ಎಲ್ಲ ನಿಲ್ಲಿಸಿ ಆಹಾರದಲ್ಲಿ ನೋಡಿ.

ಎಂಡೋ_ರೆಸಿಡೆಂಟ್
ಹಸಿರುಮನೆ ಅವರೇ, ಈ ಸಲಹೆ ವಾಪಸ್ ತಗೊಳ್ಳಿ. ಪಿಟ್ಯುಟರಿ ಇಲ್ಲದವರು ಹೈಡ್ರೋಕಾರ್ಟಿಸೋನ್ ನಿಲ್ಲಿಸಿದ್ರೆ ಆರು ತಿಂಗಳು ಬೇಡ, ಕೆಲವೇ ದಿನದಲ್ಲಿ ಬಿಪಿ ಬಿದ್ದು ಜೀವಕ್ಕೇ ಬರುತ್ತೆ. ಇದನ್ನು ಓದಿ ಯಾರಾದ್ರೂ ನಿಜವಾಗಿ ನಿಲ್ಲಿಸಿಬಿಟ್ಟಾರು.

ವಾಕರ್ ಅವರೇ, ಗೈನಕಾಲಜಿಸ್ಟ್ ಕೊಟ್ಟಿದ್ದು ಯಾವ ಮಾತ್ರೆ, ಯಾವಾಗಿಂದ? ಬಾಯಿಗೆ ತಗೊಳ್ಳೋದಾ, ಚರ್ಮಕ್ಕೆ ಹಚ್ಚೋದಾ?

ಕುಕ್ಕರಹಳ್ಳಿ_ವಾಕರ್
ಎಸ್ಟ್ರಡೈಯಾಲ್ ವ್ಯಾಲರೇಟ್ 2 ಮಿ.ಗ್ರಾಂ, ನಾಲ್ಕು ತಿಂಗಳಾಯ್ತು. ಬಾಯಿಗೆ. ತಿಂಗಳಲ್ಲಿ 12 ದಿನ ಪ್ರೊಜೆಸ್ಟರಾನ್ ಕೂಡ. ಅದು ಮೂಳೆಗೆ ಅಂದ್ರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಎಂಡೋ_ರೆಸಿಡೆಂಟ್
ಇದೆ. ನನಗೆ ಅನುಮಾನ ಅದರ ಮೇಲೇ. ಅದು ಈಸ್ಟ್ರೋಜನ್, ಹೆಣ್ಣಿನ ಹಾರ್ಮೋನ್. ಮಾತ್ರೆ ತಪ್ಪಲ್ಲ, ನಿಮ್ಮ ವಯಸ್ಸಿಗೆ ಈಸ್ಟ್ರೋಜನ್ ಬೇಕೇ ಬೇಕು. ನೋಡ್ಬೇಕಾಗಿರೋದು ಅದು ಒಳಗೆ ಹೋಗೋ ದಾರಿ.

ಗ್ರೋತ್ ಹಾರ್ಮೋನಿನ ದೊಡ್ಡ ಕೆಲಸ ನಡೆಯೋದು ಲಿವರಿನಲ್ಲಿ. ರಕ್ತದಲ್ಲಿ ಓಡಾಡೋ ಐಜಿಎಫ್-1ರ ಬಹುಪಾಲು ಅಲ್ಲೇ ತಯಾರಾಗುತ್ತೆ. ಲಿವರ್ ಕೋಶದ ಮೈಮೇಲೆ ಗ್ರೋತ್ ಹಾರ್ಮೋನ್ ರಿಸೆಪ್ಟರ್ ಜೋಡಿ ಜೋಡಿಯಾಗಿ ಇರುತ್ತೆ. ಹಾರ್ಮೋನಿನ ಒಂದು ಅಣು ಬಂದು ಎರಡನ್ನೂ ಒಟ್ಟಿಗೆ ಹಿಡಿಯುತ್ತೆ. ಆಗ ಒಳಬದಿಯಲ್ಲಿ ಅಂಟಿಕೊಂಡಿರೋ ಜಾಕ್2 ಅನ್ನೋ ಕಿಣ್ವ ಎಚ್ಚರ ಆಗಿ ಸ್ಟಾಟ್5ಬಿ ಅನ್ನೋ ಪ್ರೋಟೀನನ್ನ ಕೋಶಕೇಂದ್ರಕ್ಕೆ ಕಳಿಸುತ್ತೆ. ಅದು ಹೋಗಿ ಹೇಳಿದ ಮೇಲೇ ಐಜಿಎಫ್-1 ಉತ್ಪತ್ತಿ.

ಈಗ ಈಸ್ಟ್ರೋಜನ್ ಮಾತ್ರೆ ನುಂಗಿದ್ರಿ ಅನ್ಕೊಳ್ಳಿ. ಕರುಳು ಹೀರಿಕೊಂಡಿದ್ದೆಲ್ಲ ಪೋರ್ಟಲ್ ರಕ್ತನಾಳದ ಮೂಲಕ ಮೊದಲು ನೇರ ಲಿವರಿಗೇ ಹೋಗುತ್ತೆ. ಮಿಕ್ಕ ದೇಹಕ್ಕೆ ಸಿಗೋದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಈಸ್ಟ್ರೋಜನ್ ಅಲ್ಲಿ ಬೀಳುತ್ತೆ. ಅಷ್ಟು ಬಿದ್ದಾಗ ಲಿವರ್ ಗ್ರೋತ್ ಹಾರ್ಮೋನಿನ ಮಾತು ಕೇಳೋದು ಕಡಿಮೆ ಮಾಡುತ್ತೆ, ಐಜಿಎಫ್-1 ಇಳಿಯುತ್ತೆ. ಅದೇ ಈಸ್ಟ್ರೋಜನ್ ಚರ್ಮದಿಂದ ಹೋದ್ರೆ ಮೊದಲು ಇಡೀ ದೇಹದ ರಕ್ತದಲ್ಲಿ ಬೆರೆತು, ಆಮೇಲೆ ಬೇರೆ ಅಂಗಗಳಿಗೆ ಹೋಗೋ ಮಟ್ಟದಲ್ಲೇ ಲಿವರಿಗೂ ಹೋಗುತ್ತೆ.

ಪಿಟ್ಯುಟರಿ ಚೆನ್ನಾಗಿರೋ ಹೆಂಗಸಿಗೆ ಐಜಿಎಫ್-1 ಇಳಿದ್ರೆ ಪಿಟ್ಯುಟರಿ ಗಮನಿಸಿ ಗ್ರೋತ್ ಹಾರ್ಮೋನ್ ಹೆಚ್ಚು ಬಿಡುತ್ತೆ. ನಿಮಗೆ ಆ ದಾರಿ ಇಲ್ಲ, ಪೆನ್ನಿನಲ್ಲಿ ಬರೋ 0.4 ಎಷ್ಟೋ ಅಷ್ಟೇ. ಹಾಗಾಗಿ ಇಳಿತ ನಿಮ್ಮಲ್ಲಿ ಎದ್ದು ಕಾಣುತ್ತೆ.

ನಾನು ನಿಮ್ಮ ಡಾಕ್ಟರ್ ಅಲ್ಲ, ಏನನ್ನೂ ನೀವಾಗೇ ಬದಲಾಯಿಸಬೇಡಿ. ಆದ್ರೆ ಮೂರು ವಾರ ಕಾಯಬೇಡಿ, ಫೋನ್ ಮಾಡಿ "ಬಾಯಿಗೆ ಈಸ್ಟ್ರೋಜನ್ ಶುರುವಾಗಿದೆ" ಅಂತ ತಿಳಿಸಿ. ಗೈನಕ್ ಬರೆದಿದ್ದು ಅವರ ಕಡತಕ್ಕೆ ಸೇರೇ ಇಲ್ಲದಿರಬಹುದು.

ಕುಕ್ಕರಹಳ್ಳಿ_ವಾಕರ್
ಎರಡು ಸಲ ಓದಿದೆ. ನಿಜ, ಎರಡೂ ಬೇರೆ ಆಸ್ಪತ್ರೆ, ಒಬ್ಬರ ಚೀಟಿ ಇನ್ನೊಬ್ಬರು ನೋಡಿಲ್ಲ. ಮೂಳೆ ಮಾತ್ರೆ ಅಂತ ನಾನೂ ಹೇಳಿರಲಿಲ್ಲ.

ಬಿಎಸ್ಸಿ_ಝೂವಾಲಜಿ
ಇದು ನಮ್ಮ ಸಿಲಬಸ್‌ನಲ್ಲಿದೆ. ಈಸ್ಟ್ರೋಜನ್ ಲಿವರಿನ ಗ್ರೋತ್ ಹಾರ್ಮೋನ್ ರಿಸೆಪ್ಟರ್ ಸಂಖ್ಯೆ ಕಡಿಮೆ ಮಾಡುತ್ತೆ, ಅದಕ್ಕೇ ಸಿಗ್ನಲ್ ಕಡಿಮೆ. ಡೌನ್ ರೆಗ್ಯುಲೇಷನ್ ಅಂತಾರೆ.

ಫಾರ್ಮಕಾಲಜಿ_ಮೇಡಂ
ಅಷ್ಟು ಸುಲಭ ಇಲ್ಲ ಮಗು. ಎಲ್ಲರೂ ಜಾರೋದು ಇಲ್ಲೇ, ಅದಕ್ಕೆ ಸ್ವಲ್ಪ ವಿವರವಾಗಿ ಬರೀತೀನಿ.

ಗ್ರೋತ್ ಹಾರ್ಮೋನ್ ರಿಸೆಪ್ಟರಿನ ಜೀನ್ ಗುರುತಿಸಿದ್ದು 1987ರಲ್ಲಿ, ಮೊಲದ ಲಿವರಿನಿಂದ ಆ ಪ್ರೋಟೀನನ್ನ ಶುದ್ಧ ಮಾಡಿ. ಆಗಲೇ ಗೊತ್ತಾಗಿದ್ದು, ರಕ್ತದಲ್ಲಿ ಗ್ರೋತ್ ಹಾರ್ಮೋನನ್ನ ಹಿಡಿದು ಓಡಾಡೋ ಒಂದು ಪ್ರೋಟೀನ್ ಇದೆಯಲ್ಲ, ಅದು ಈ ರಿಸೆಪ್ಟರಿನದೇ ಹೊರಗಿನ ತುಂಡು ಅಂತ. ಬಾಯಿಗೆ ಈಸ್ಟ್ರೋಜನ್ ತಗೊಂಡ ಹೆಂಗಸರಲ್ಲಿ ಆ ತುಂಡು ರಕ್ತದಲ್ಲಿ ಹೆಚ್ಚುತ್ತೆ, ಕಡಿಮೆಯಾಗಲ್ಲ. ಇಲಿಗಳಿಗೆ ಈಸ್ಟ್ರೋಜನ್ ಕೊಟ್ಟಾಗಲೂ ಲಿವರಿನಲ್ಲಿ ಗ್ರೋತ್ ಹಾರ್ಮೋನ್ ಅಂಟೋ ಜಾಗಗಳು ಹೆಚ್ಚಾಗುತ್ತವೆ. ಅಂದ್ರೆ ರಿಸೆಪ್ಟರ್ ಕಡಿಮೆ ಆಯ್ತು ಅನ್ನೋ ಕಥೆ ಹೊಂದೋದಿಲ್ಲ.

ಹಾಗಾದ್ರೆ ಸಿಗ್ನಲ್ ಯಾಕೆ ಇಳೀತು? ಸಿಡ್ನಿಯ ಗಾರ್ವನ್ ಸಂಸ್ಥೆಯ ಕೆನ್ ಹೋ ಅವರ ತಂಡ 2003ರಲ್ಲಿ ಇದಕ್ಕೆ ಉತ್ತರ ಕೊಡ್ತು. ಈಸ್ಟ್ರೋಜನ್ ಕೋಶದೊಳಗೆ ಸಾಕ್ಸ್2 ಅನ್ನೋ ಪ್ರೋಟೀನನ್ನ ಹೆಚ್ಚಿಸುತ್ತೆ. ಆ ಸಾಕ್ಸ್2 ಜಾಕ್2 ಎಚ್ಚರ ಆಗೋದನ್ನೇ ತಡೆಯುತ್ತೆ. ಬಾಗಿಲು ಅಲ್ಲೇ ಇದೆ, ಬೆಲ್ ಒತ್ತೋರೂ ಬಂದಿದ್ದಾರೆ, ಒಳಗೆ ಬೆಲ್ಲಿನ ತಂತಿ ಕಿತ್ತಿದ್ದಾರೆ. ಬಾಗಿಲು ಎಷ್ಟಿವೆ ಅಂತ ಎಣಿಸಿದ್ರೆ ಇದು ಯಾವತ್ತೂ ಗೊತ್ತಾಗಲ್ಲ.

ಪರೀಕ್ಷೆಯಲ್ಲಿ ಡೌನ್ ರೆಗ್ಯುಲೇಷನ್ ಅಂತ ಬರೆದ್ರೆ ನಾನಾದ್ರೆ ಅರ್ಧ ಮಾರ್ಕ್ಸ್ ಕೊಡ್ತೀನಿ.

ಬಿಎಸ್ಸಿ_ಝೂವಾಲಜಿ
ಮೇಡಂ, ನಮ್ಮ ನೋಟ್ಸಲ್ಲಿ ಹಾಗೇ ಇತ್ತು, ಸರಿಮಾಡ್ಕೋತೀನಿ. ಕನ್ನಡದಲ್ಲಿ ರಿಸೆಪ್ಟರಿಗೆ ಗ್ರಾಹಕ ಅಂತ ಬರೀಬಹುದಾ?

ಹಳೇ_ಮೇಷ್ಟ್ರು
ಗ್ರಾಹಕ ಅಂದ್ರೆ ಅಂಗಡಿಗೆ ಬರೋನು. ಗ್ರಾಹಿ ಅನ್ನಿ, ಗೊಂದಲ ಇರಲ್ಲ.

ಕುಡ್ಲದ_ಮೀನು
ಮೇಷ್ಟ್ರೇ, ನಮ್ಮ ಶಾಲೆ ಪುಸ್ತಕದಲ್ಲಿ ಗ್ರಾಹಕ ಅಂತಲೇ ಇತ್ತು, ಸಂದರ್ಭದಲ್ಲಿ ಅರ್ಥ ಆಗ್ತದೆ. ರಿಸೆಪ್ಟರ್ ಅಂದ್ರೂ ಸಾಕು. ವಿಷಯಕ್ಕೆ ಬನ್ನಿ ಮಾರಾಯ್ರೆ.

ಇಲಿಮನೆ_ಶಿವಮೊಗ್ಗ
ನಾನು ಪಶುವೈದ್ಯ, ಮುಂಚೆ ಐದು ವರ್ಷ ಪ್ರಾಣಿ ಪ್ರಯೋಗಾಲಯ ನೋಡಿಕೊಳ್ತಿದ್ದೆ. ಈ ವಿಷಯ ಅಂದ್ರೆ ನನಗೆ ಮಾತು ನಿಲ್ಲಲ್ಲ, ಸಹಿಸಿಕೊಳ್ಳಿ.

ಒಂದೇ ತೂಕದ ಗಂಡು ಇಲಿ, ಹೆಣ್ಣು ಇಲಿ ಎರಡಕ್ಕೂ ತೂಕಕ್ಕೆ ತಕ್ಕಂತೆ ಒಂದೇ ಡೋಸ್ ಬಾರ್ಬಿಚುರೇಟ್ ಕೊಟ್ರೆ, ಗಂಡು ಎದ್ದು ಮೀಸೆ ಕೆರ್ಕೊಳ್ಳೋಕೆ ಶುರುಮಾಡಿದ್ರೂ ಹೆಣ್ಣು ಇನ್ನೂ ಪಕ್ಕಕ್ಕೆ ಮಲಗೇ ಇರುತ್ತೆ. ಮೊದಲ ಸಲ ಕಂಡಾಗ ಡೋಸ್ ತಪ್ಪಾಯ್ತು ಅಂತ ಬೆವತುಹೋಗಿದ್ದೆ. 1930ರ ದಶಕದಿಂದಲೇ ಇದು ದಾಖಲಾಗಿದೆ. ಬೀಜ ತೆಗೆದ ಗಂಡು ಇಲಿ ಹೆಣ್ಣಿನ ಹಾಗೆ ಹೆಚ್ಚು ಹೊತ್ತು ಮಲಗುತ್ತೆ. ಕಾರಣ ಲಿವರ್. ಔಷಧಿ ಒಡೆಯೋ ಕಿಣ್ವಗಳೇ ಗಂಡಿಗೊಂದು ಥರ, ಹೆಣ್ಣಿಗೊಂದು ಥರ.

ಅದಕ್ಕೂ ಮೂಲ ಮತ್ತೆ ಗ್ರೋತ್ ಹಾರ್ಮೋನೇ. ಗಂಡು ಇಲಿಯಲ್ಲಿ ಅದು ಮೂರೂವರೆ ಗಂಟೆಗೊಮ್ಮೆ ಅಲೆಯಂತೆ ಎದ್ದು, ನಡುವೆ ಹೆಚ್ಚುಕಡಿಮೆ ಸೊನ್ನೆ. ಹೆಣ್ಣಿನಲ್ಲಿ ಸಣ್ಣಗೆ ಸದಾ ಹರೀತಾ ಇರುತ್ತೆ. ಗಂಡಿಗೆ ಒಂದೇ ಸಲ ಬಾಲದಿಂದ ರಕ್ತ ತೆಗೆದು ಅಳೆದ್ರೆ ಏನೂ ಸಿಗದೇ ಇರಬಹುದು, ಹತ್ತಿರದ ಪಂಜರದ್ದಕ್ಕೆ ಎಲ್ಲೋ ಮುಗಿಲಿಗೆ ಹೋಗಿರಬಹುದು. ಲಿವರ್ ಆ ಲಯ ಓದ್ಕೊಂಡೇ ಗಂಡು ಲಿವರೋ ಹೆಣ್ಣು ಲಿವರೋ ಆಗೋದು. ಆ ಲಯವನ್ನ ಕೂರಿಸೋದು ಹುಟ್ಟಿದ ಹೊತ್ತಿನ ಟೆಸ್ಟೋಸ್ಟೆರಾನ್. ಸ್ಟಾಟ್5ಬಿ ಇಲ್ಲದ ಗಂಡು ಸುಂಡಿಲಿ ಬೆಳೆದು ಹೆಣ್ಣಿನ ಗಾತ್ರಕ್ಕೇ ನಿಲ್ಲುತ್ತೆ.

ಇನ್ನೊಂದು ಇದೆ. ಇಜಿಎಫ್ ಅಂತ ಕೋಶಗಳಿಗೆ ಬೆಳೆಯೋಕೆ ಹೇಳೋ ಒಂದು ಪ್ರೋಟೀನ್ ಇದೆ. ಗಂಡು ಸುಂಡಿಲಿ ಲಿವರಿನಲ್ಲಿ ಅದರ ರಿಸೆಪ್ಟರ್ ಹೆಣ್ಣಿಗಿಂತ ಹೆಚ್ಚು. ಬೀಜ ತೆಗೆದ್ರೆ ಕಡಿಮೆ ಆಗುತ್ತೆ, ಟೆಸ್ಟೋಸ್ಟೆರಾನ್ ಕೊಟ್ರೆ ಮತ್ತೆ ಏರುತ್ತೆ. ಇಜಿಎಫ್ ಕಂಡುಹಿಡಿದ ಸ್ಟ್ಯಾನ್ಲಿ ಕೋಹೆನ್ 1962ರಲ್ಲಿ ಅದನ್ನ ಬೇರ್ಪಡಿಸಿದ್ದು ಸುಂಡಿಲಿಯ ದವಡೆ ಕೆಳಗಿನ ಜೊಲ್ಲುಗ್ರಂಥಿಯಿಂದ, ಅದೂ ಗಂಡಿನಲ್ಲೇ ಹೇರಳ. ಹೆಣ್ಣಿನ ಗ್ರಂಥಿಯಲ್ಲಿ ತೀರಾ ಕಡಿಮೆ. ಅವರಿಗೆ 1986ರಲ್ಲಿ ನೊಬೆಲ್ ಬಂತು.

ಹೆಣ್ಣಿನ ಕಡೆಗೂ ಹೇಳ್ಬೇಕಲ್ಲ. ಹೆಣ್ಣು ಇಲಿ ಲಿವರಿನಲ್ಲಿ ಪ್ರೊಲ್ಯಾಕ್ಟಿನ್ (ಹಾಲು ಬರಿಸೋ ಹಾರ್ಮೋನ್) ರಿಸೆಪ್ಟರ್ ತುಂಬಿರುತ್ತೆ, ಗಂಡಿನಲ್ಲಿ ಅಷ್ಟಕ್ಕಷ್ಟೇ. ಗಂಡಿಗೆ ಕೆಲವು ದಿನ ಈಸ್ಟ್ರೋಜನ್ ಚುಚ್ಚಿದ್ರೆ ಅವನಲ್ಲೂ ಏರುತ್ತೆ. ಪಿಟ್ಯುಟರಿ ತೆಗೆದುಬಿಟ್ರೆ ಎಷ್ಟು ಈಸ್ಟ್ರೋಜನ್ ಕೊಟ್ರೂ ಏರಲ್ಲ. ಕೆನಡಾದ ತಂಡ 1974ರಲ್ಲೇ ತೋರಿಸಿದ್ದು ಇದು. ಅಂದ್ರೆ ಲೈಂಗಿಕ ಹಾರ್ಮೋನು ಎಷ್ಟೋ ಸಲ ಲಿವರಿಗೆ ನೇರ ಹೇಳೋದಿಲ್ಲ, ಪಿಟ್ಯುಟರಿ ಕೈಲಿ ಹೇಳಿಸುತ್ತೆ.

ಹಸಿರುಮನೆ
ಹೈಡ್ರೋಕಾರ್ಟಿಸೋನ್ ಬಗ್ಗೆ ನನಗೆ ಗೊತ್ತಿರಲಿಲ್ಲ, ಆ ಮಾತು ವಾಪಸ್, ಕ್ಷಮಿಸಿ. ಆದ್ರೆ ಪ್ರಶ್ನೆ ಬಿಡಲ್ಲ. ಇದೆಲ್ಲ ಇಲಿ ಕಥೆ. ಇಲಿಗೆ ಆಗಿದ್ದು ಮನುಷ್ಯರಿಗೂ ಆಗುತ್ತೆ ಅಂತ ಹೇಗೆ ಹೇಳ್ತೀರಿ? ಇಲ್ಲೇ ನೋಡಿ, ಇಲಿಯಲ್ಲಿ ಪಿಟ್ಯುಟರಿ ಇಲ್ಲದಿದ್ರೆ ಈಸ್ಟ್ರೋಜನ್ ಕೆಲಸ ಮಾಡಲ್ಲ ಅಂತಾರೆ. ವಾಕರ್ ಅವರಿಗೆ ಪಿಟ್ಯುಟರಿ ಇಲ್ಲ, ಆದ್ರೂ ಈಸ್ಟ್ರೋಜನ್ನೇ ಕಾರಣ ಅಂತೀರಿ.

ಎಂಡೋ_ರೆಸಿಡೆಂಟ್
ಒಳ್ಳೇ ಪ್ರಶ್ನೆ, ನಿಜವಾಗಿಯೂ. ಎರಡೂ ಬೇರೆ ಬೇರೆ ದಾರಿ. ಪ್ರೊಲ್ಯಾಕ್ಟಿನ್ ರಿಸೆಪ್ಟರ್ ಏರೋಕೆ ಪಿಟ್ಯುಟರಿ ನಡುವೆ ಇರಬೇಕು. ಗ್ರೋತ್ ಹಾರ್ಮೋನ್ ಸಿಗ್ನಲ್ ತಡೆಯೋಕೆ ಬೇಕಿಲ್ಲ, ಈಸ್ಟ್ರೋಜನ್ ಲಿವರ್ ಕೋಶದೊಳಗೇ ಆ ಕೆಲಸ ಮಾಡುತ್ತೆ.

ಮನುಷ್ಯರ ವಿಷಯಕ್ಕೆ ಬಂದ್ರೆ, ಇಲಿ ಬೇಕೇ ಇಲ್ಲ. 1991ರಲ್ಲಿ ಅದೇ ಸಿಡ್ನಿ ತಂಡ ಮುಟ್ಟು ನಿಂತ ಹೆಂಗಸರಿಗೆ ಒಂದು ಸಲ ಬಾಯಿಗೆ, ಒಂದು ಸಲ ಚರ್ಮದ ಪಟ್ಟಿಯಲ್ಲಿ ಈಸ್ಟ್ರೋಜನ್ ಕೊಟ್ಟು 24 ಗಂಟೆ ಗ್ರೋತ್ ಹಾರ್ಮೋನ್ ಅಳೆದ್ರು. ಬಾಯಿಗೆ ಕೊಟ್ಟಾಗ ಐಜಿಎಫ್-1 ಇಳಿದು ಗ್ರೋತ್ ಹಾರ್ಮೋನ್ ಏರಿತು. ಪಟ್ಟಿಯಲ್ಲಿ ಹಾಗಾಗಲಿಲ್ಲ. ಅದಕ್ಕೂ ಎಷ್ಟೋ ಮುಂಚೆ ಅಕ್ರೋಮೆಗಲಿ ರೋಗಿಗಳಿಗೆ, ಅಂದ್ರೆ ಗ್ರೋತ್ ಹಾರ್ಮೋನ್ ಮಿತಿಮೀರಿ ಕೈಕಾಲು ದವಡೆ ದಪ್ಪ ಆಗೋರಿಗೆ, ಈಸ್ಟ್ರೋಜನ್ನನ್ನೇ ಔಷಧಿಯಾಗಿ ಕೊಡ್ತಿದ್ರು. ಇವರಿಗೆ ಬೇಡದ್ದು ಅವರಿಗೆ ಬೇಕಾಗಿತ್ತು.

ಸಿಡ್ನಿ_ಸೊಸೆ
ಗಾರ್ವನ್ ಹೆಸರು ಇಲ್ಲಿ ಕನ್ನಡದಲ್ಲಿ ಓದಿ ಖುಷಿ ಆಯ್ತು, ದಿನಾ ಅದರ ಮುಂದೇ ಬಸ್ಸಲ್ಲಿ ಹೋಗ್ತೀನಿ. ನಾನು ನರ್ಸ್. ಇಲ್ಲಿ ಪಿಟ್ಯುಟರಿ ಕ್ಲಿನಿಕ್‌ನಲ್ಲಿ ಹೆಂಗಸರು ಬಂದ್ರೆ ನಾವು ಬರೆದುಕೊಳ್ಳೋ ಮೊದಲ ಸಾಲೇ "ಈಸ್ಟ್ರೋಜನ್ ಯಾವ ದಾರಿ". ಬಾಯಿಗೆ ತಗೊಳ್ಳೋರಿಗೆ ಗ್ರೋತ್ ಹಾರ್ಮೋನ್ ಡೋಸ್ ಜಾಸ್ತಿ ಬೇಕಾಗುತ್ತೆ, ಕೆಲವರಿಗೆ ಎರಡು ಪಟ್ಟಿನ ಹತ್ತಿರ ಹೋಗುತ್ತೆ. ದುಬಾರಿ ಇಂಜೆಕ್ಷನ್ ಹೆಚ್ಚಿಸೋ ಬದಲು ಮಾತ್ರೆಯನ್ನ ಜೆಲ್ಲಿಗೆ ಬದಲಾಯಿಸೋದೇ ಮೇಲು.

ಒಂದು ಎಚ್ಚರಿಕೆ. ಬದಲಾಯಿಸಿದ ಮೇಲೆ ಹಳೇ ಡೋಸೇ ಜಾಸ್ತಿ ಕೆಲಸ ಮಾಡೋಕೆ ಶುರುಮಾಡುತ್ತೆ. ನಡುವೆ ಯಾರಾದ್ರೂ ಡೋಸ್ ಏರಿಸಿದ್ರೆ ಬೆರಳು ಊತ, ಕೀಲು ನೋವು, ಕೈ ಜೋಮು ಬರಬಹುದು. ಉಂಗುರ ಬಿಗಿಯಾಗ್ತಿದೆಯಾ ನೋಡ್ಕೊಳ್ಳಿ.

ಜಿಮ್_ಕಾರ್ತಿಕ್_ತುಮಕೂರು
ಹಾಗಾದ್ರೆ ಟೆಸ್ಟೋಸ್ಟೆರಾನ್ ತಗೊಂಡ್ರೆ ಉಲ್ಟಾ, ಲಿವರ್ ಚೆನ್ನಾಗಿ ಕೇಳುತ್ತೆ, ಐಜಿಎಫ್ ಏರುತ್ತೆ ಅಂತಾಯ್ತಲ್ಲ? ನಮ್ಮ ಕೋಚ್ ಹೇಳೋದೂ ಅದೇ. ಕೋರ್ಸ್ ಮಾತ್ರೆ ಸಿಗುತ್ತೆ ಅಂತಿದ್ದಾರೆ.

ಎಂಡೋ_ರೆಸಿಡೆಂಟ್
ಕಾರ್ತಿಕ್, ದಯವಿಟ್ಟು ಬೇಡ. ಗ್ರೋತ್ ಹಾರ್ಮೋನ್ ಕೊರತೆ ಇರೋ ಗಂಡಸರಿಗೆ ಹೆಂಗಸರಿಗಿಂತ ಕಡಿಮೆ ಡೋಸ್ ಸಾಕಾಗುತ್ತೆ ಅನ್ನೋದು ನಿಜ. ಆದ್ರೆ ಕೋಚ್ ಕೊಡೋ ಮಾತ್ರೆ ಆ ಲೆಕ್ಕಕ್ಕೆ ಬರಲ್ಲ. ಲಿವರ್ ಬೇಗ ಒಡೆಯಬಾರದು ಅಂತ ಅಣುವಿನ ರಚನೆಯನ್ನೇ ಬದಲಾಯಿಸಿರೋ ಅನಾಬಾಲಿಕ್ ಸ್ಟೀರಾಯ್ಡ್ ಅವು. ಕಾಮಾಲೆ, ಲಿವರ್ ಗಡ್ಡೆ, ಲಿವರಿನೊಳಗೆ ರಕ್ತ ತುಂಬಿದ ಗುಳ್ಳೆಗಳು, ಎಲ್ಲವೂ ವರದಿಯಾಗಿವೆ. ಆ ಗುಳ್ಳೆ ಒಡೆದ್ರೆ ಹೊಟ್ಟೆಯೊಳಗೇ ರಕ್ತಸ್ರಾವ. ವಾರ್ಡಿನಲ್ಲಿ 24 ವರ್ಷದ ಹುಡುಗ, ತೋಳು ಒಳ್ಳೇ ಗಟ್ಟಿ, ಕಣ್ಣು ಅರಿಶಿನ, ರಾತ್ರಿಯೆಲ್ಲ ಮೈ ಕೆರೆದು ಕೆರೆದು ಹಾಸಿಗೆ ಮೇಲೆ ರಕ್ತದ ಗೆರೆ. ನಾನೇ ನೋಡಿದ್ದು.

ಜಿಮ್_ಕಾರ್ತಿಕ್_ತುಮಕೂರು
ಸರಿ ಡಾಕ್ಟ್ರೇ. ತಗೊಳ್ಳಲ್ಲ. ಇನ್ನಿಬ್ಬರು ಹುಡುಗರಿಗೆ ಇದನ್ನ ಕಳಿಸ್ತೀನಿ.

ಇಲಿಮನೆ_ಶಿವಮೊಗ್ಗ
ಲಿವರ್ ಕ್ಯಾನ್ಸರ್ ಕೂಡ ಗಂಡಸರಲ್ಲೇ ಹೆಚ್ಚು, ಎರಡು ಮೂರು ಪಟ್ಟು. ಕುಡಿತ, ಹೆಪಟೈಟಿಸ್ ಕಾರಣ ಅಂತ ಹೇಳಬಹುದು. ಆದ್ರೆ ಸುಂಡಿಲಿ ಕುಡಿಯಲ್ಲ, ಅದಕ್ಕೆ ಒಂದೇ ರಾಸಾಯನಿಕ ಕೊಟ್ರೂ ಗಂಡಿನಲ್ಲೇ ಗಡ್ಡೆ ಹೆಚ್ಚು. 2007ರ ಒಂದು ಪ್ರಯೋಗದಲ್ಲಿ ತೋರಿಸಿದ್ರು, ಲಿವರಿನ ಕುಪ್ಫರ್ ಕೋಶಗಳು ಬಿಡೋ ಐಎಲ್-6 ಅನ್ನೋ ಉರಿಯೂತದ ಸಂದೇಶವನ್ನ ಈಸ್ಟ್ರೋಜನ್ ಹತ್ತಿಕ್ಕುತ್ತೆ, ಹೆಣ್ಣಿಗೆ ಸಿಗೋ ರಕ್ಷಣೆಯಲ್ಲಿ ಅದರ ಪಾಲು ದೊಡ್ಡದು ಅಂತ.

ಗದಗ_ಗೃಹಿಣಿ
ನಾ ಮಕ್ಕಳಾಗಬಾರದು ಅಂತ ಮಾತ್ರಿ ನುಂಗಾಕತ್ತೇನ್ರಿ, ಅದರಾಗೂ ಈಸ್ಟ್ರೋಜನ್ ಐತಿ ಅಂತಾರ. ನನ್ನ ಲಿವರಿಗೂ ಹಿಂಗ ಆಗಿರತೈತೇನು? ಬಿಡಬೇಕೇನ್ರಿ?

ಫಾರ್ಮಕಾಲಜಿ_ಮೇಡಂ
ಇದನ್ನ ಓದಿ ಬಿಡಬೇಡಿ ಅಮ್ಮ. ನಿಮ್ಮ ಪಿಟ್ಯುಟರಿ ಚೆನ್ನಾಗಿದೆ, ಲಿವರ್ ಸ್ವಲ್ಪ ಕಿವುಡಾದ್ರೆ ಅದು ಜೋರಾಗಿ ಕೂಗುತ್ತೆ. ನೀವು ಗಮನಿಸಬೇಕಾಗಿರೋದು ಬೇರೆ. ಬಾಯಿಂದ ಹೋದ ಈಸ್ಟ್ರೋಜನ್ ಲಿವರಿನಲ್ಲಿ ರಕ್ತ ಹೆಪ್ಪುಗಟ್ಟಿಸೋ ಅಂಶಗಳನ್ನೂ ಹೆಚ್ಚಿಸುತ್ತೆ. ಬಿಪಿ, ಅರೆತಲೆನೋವು, ಬೀಡಿ ಸಿಗರೇಟು, ಮನೆಯಲ್ಲಿ ಯಾರಿಗಾದ್ರೂ ಕಾಲಿನ ರಕ್ತನಾಳ ಕಟ್ಟಿದ್ದು ಇದ್ರೆ ಡಾಕ್ಟರಿಗೆ ಹೇಳಿ. ಮುಟ್ಟು ನಿಂತವರಲ್ಲಿ ಫ್ರಾನ್ಸಿನ ಎಸ್ತರ್ ಅಧ್ಯಯನ ಇದನ್ನೇ ನೋಡಿತ್ತು. ಬಾಯಿಗೆ ತಗೊಂಡವರಲ್ಲಿ ರಕ್ತ ಕಟ್ಟೋ ಅಪಾಯ ಹೆಚ್ಚಿತ್ತು, ಚರ್ಮಕ್ಕೆ ಹಚ್ಚಿದವರಲ್ಲಿ ಹಾಗೆ ಕಾಣಲಿಲ್ಲ.

ಮಂಡ್ಯ_ದಾನಿ
ವಿಷಯ ಬಿಟ್ಟು ಕೇಳ್ತಿದ್ದೀನಿ, ಬೇಜಾರಾಗಬೇಡಿ. ಎರಡು ವರ್ಷದ ಹಿಂದೆ ನಮ್ಮ ಮನೆಯವರಿಗೆ ನನ್ನ ಲಿವರಿನ ಬಲಭಾಗ ಕೊಟ್ಟೆ. ಮೂರು ತಿಂಗಳಿಗೆ ಸ್ಕ್ಯಾನ್ ಮಾಡಿ "ಹೆಚ್ಚುಕಡಿಮೆ ಪೂರ್ತಿ ಬೆಳೆದಿದೆ" ಅಂದ್ರು. ಹೊಲಿಗೆ ಗುರುತು ಇಲ್ಲದಿದ್ರೆ ನನಗೇ ನಂಬಿಕೆ ಬರ್ತಿರಲಿಲ್ಲ. ಹಾಗೆ ಬೆಳೆಯೋಕೂ ಇದೇ ಹಾರ್ಮೋನುಗಳಾ?

ಇಲಿಮನೆ_ಶಿವಮೊಗ್ಗ
ಅಕ್ಕಾ, ನಿಮಗೆ ದೊಡ್ಡ ನಮಸ್ಕಾರ. ಹೌದು, ಪಾಲಿದೆ. ಇಲಿಯ ಲಿವರಿನ ಮೂರನೇ ಎರಡು ಭಾಗ ತೆಗೆಯೋ ಪ್ರಯೋಗ 1931ರಿಂದ ನಡೀತಿದೆ. ಉಳಿದ ಭಾಗ ಬೆಳೆಯೋಕೆ ಎರಡು ರಿಸೆಪ್ಟರ್ ಮುಖ್ಯ, ಇಜಿಎಫ್ ರಿಸೆಪ್ಟರ್ ಮತ್ತೆ ಮೆಟ್. ಒಂದನ್ನ ತಡೆದ್ರೆ ಲಿವರ್ ಹೇಗೋ ನಿಭಾಯಿಸುತ್ತೆ, ಎರಡನ್ನೂ ತಡೆದ್ರೆ ಬೆಳವಣಿಗೆಯೇ ನಿಲ್ಲುತ್ತೆ. ಸ್ವಾರಸ್ಯ ಏನಂದ್ರೆ, ಗಂಡು ಇಲಿಯ ಲಿವರ್ ಕತ್ತರಿಸಿದ ಮೇಲೆ ಅವನ ರಕ್ತದಲ್ಲಿ ಈಸ್ಟ್ರೋಜನ್ ಏರಿ ಟೆಸ್ಟೋಸ್ಟೆರಾನ್ ಇಳಿಯುತ್ತೆ. ಕಸಿ ಶಸ್ತ್ರಚಿಕಿತ್ಸೆಯ ಥಾಮಸ್ ಸ್ಟಾರ್ಜಲ್ ಅವರ ಪಿಟ್ಸ್‌ಬರ್ಗ್ ಗುಂಪು 1980ರ ದಶಕದಲ್ಲಿ ಇದನ್ನ ಬರೆದಿದೆ. ಗಂಡು ಲಿವರ್ ಬೆಳೆಯೋ ಹೊತ್ತಿಗೆ ಕೆಲವು ದಿನ ಹೆಣ್ಣಾಗುತ್ತೆ ಅಂತಲೇ ಹೇಳಬಹುದು.

ಹಳೇ_ಮೇಷ್ಟ್ರು
ಮಂಡ್ಯದ ತಾಯಿ, ನಿಮ್ಮ ಮನೆಯವರು ಹೇಗಿದ್ದಾರೆ?

ಮಂಡ್ಯ_ದಾನಿ
ಗದ್ದೆಗೆ ಹೋಗ್ತಾರೆ ಸಾರ್. ಭಾರ ಹೊರಬೇಡಿ ಅಂದ್ರೆ ಕೇಳಲ್ಲ.

ಪುಟ್ಟಿ_ಅಮ್ಮ
ನಮ್ಮ ಮಗಳಿಗೆ ಟರ್ನರ್ ಸಿಂಡ್ರೋಮ್ (ಒಂದು ಎಕ್ಸ್ ಕ್ರೋಮೋಸೋಮ್ ಪೂರ್ತಿ ಇಲ್ಲದೆ ಹುಟ್ಟೋದು), 12 ವರ್ಷ. ಗ್ರೋತ್ ಹಾರ್ಮೋನ್ ನಡೀತಿದೆ, ಈಗ ಈಸ್ಟ್ರೋಜನ್ ಶುರುಮಾಡಬೇಕು ಅಂದಿದ್ದಾರೆ. ಡಾಕ್ಟರ್ ಜೆಲ್ ಅಂದಾಗ ಮಾತ್ರೆ ಸುಲಭ ಅಲ್ವಾ ಅಂತ ವಾದ ಮಾಡಿ ಬಂದಿದ್ದೆ. ಯಾಕೆ ಅಂತ ಈಗ ಅರ್ಥ ಆಯ್ತು. ಹಚ್ಚೋದು ಹೇಗೆ, ಯಾರಾದ್ರೂ ಹೇಳ್ತೀರಾ?

ಸಿಡ್ನಿ_ಸೊಸೆ
ಸ್ನಾನ ಆದ್ಮೇಲೆ ಒಣ ಚರ್ಮಕ್ಕೆ, ತೋಳಿನ ಮೇಲ್ಭಾಗ ಅಥವಾ ತೊಡೆಯ ಒಳಭಾಗ, ತೆಳುವಾಗಿ ಅಗಲವಾಗಿ ಹರಡಿ. ತಿಕ್ಕಬೇಡಿ. ಎದೆಗೆ ಹಚ್ಚಬಾರದು. ಐದು ನಿಮಿಷ ಒಣಗಿಸಿ ಆಮೇಲೆ ಬಟ್ಟೆ. ಒಂದು ಗಂಟೆ ಅಲ್ಲಿ ತೊಳೆಯಬೇಡಿ. ನೀವು ಹಚ್ಚೋದಾದ್ರೆ ಕೈ ಸೋಪಲ್ಲಿ ತೊಳ್ಕೊಳ್ಳಿ. ಮಗುವಿಗೆ ಶುರುವಿನಲ್ಲಿ ತೀರಾ ಸಣ್ಣ ಡೋಸ್ ಇರುತ್ತೆ, ಅಳತೆ ಡಾಕ್ಟರ್ ಹೇಳಿದಷ್ಟೇ.

ಕುಕ್ಕರಹಳ್ಳಿ_ವಾಕರ್
ಅಪ್‌ಡೇಟ್. ಫೋನ್ ಮಾಡಿದೆ, ಎರಡೇ ದಿನದಲ್ಲಿ ಕರೆದ್ರು. ಎರಡೂ ಆಸ್ಪತ್ರೆಯ ಚೀಟಿ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟೆ. ಡಾಕ್ಟರ್ ಮೂಳೆ ಮಾತ್ರೆ ಹೆಸರಿನ ಕೆಳಗೆ ಪೆನ್ನಲ್ಲಿ ಗೆರೆ ಎಳೆದು "ಇದು ನನಗೆ ಗೊತ್ತಿರಲಿಲ್ಲ" ಅಂದ್ರು. ಗೈನಕಾಲಜಿಸ್ಟಿಗೆ ಅಲ್ಲಿಂದಲೇ ಫೋನ್ ಮಾಡಿ ಮಾತಾಡಿದ್ರು. ಮಾತ್ರೆ ಹೋಗಿ ಜೆಲ್ ಬಂತು, ಪ್ರೊಜೆಸ್ಟರಾನ್ ಹಾಗೇ, ಇಂಜೆಕ್ಷನ್ 0.4 ಹಾಗೇ. ಇನ್ನೊಂದು ವಿಷಯ ಹೇಳಿದ್ರು, ಬಾಯಿಯ ಈಸ್ಟ್ರೋಜನ್ ಥೈರಾಕ್ಸಿನ್ ಹಿಡಿಯೋ ಪ್ರೋಟೀನನ್ನೂ ಹೆಚ್ಚಿಸುತ್ತಂತೆ, ಹಾಗಾಗಿ ನನ್ನ ಫ್ರೀ ಟಿ4, ಅಂದ್ರೆ ರಕ್ತದಲ್ಲಿ ಬಿಡಿಯಾಗಿರೋ ಥೈರಾಕ್ಸಿನ್, ಕೂಡ ಕೆಳಗಿನ ಗೆರೆಗೆ ಬಂದಿತ್ತು. ಸುಸ್ತಿಗೆ ಅದೂ ಒಂದು ಕಾರಣ ಇರಬಹುದು ಅಂದ್ರು.

ಎಂಡೋ_ರೆಸಿಡೆಂಟ್
ಹೌದು, ನಾನು ಬರೆಯೋಕೆ ಮರೆತಿದ್ದೆ. ಟಿಎಸ್ಎಚ್ ಬರೋದೇ ಪಿಟ್ಯುಟರಿಯಿಂದ, ಹಾಗಾಗಿ ಪಿಟ್ಯುಟರಿ ಇಲ್ಲದವರಿಗೆ ಅದನ್ನ ನೋಡಿ ಥೈರಾಕ್ಸಿನ್ ಡೋಸ್ ಹೇಳೋಕಾಗಲ್ಲ, ಫ್ರೀ ಟಿ4ರಲ್ಲೇ ನೋಡ್ಬೇಕು. ಬಾಯಿಯ ಈಸ್ಟ್ರೋಜನ್ ಕಾರ್ಟಿಸಾಲ್ ಹಿಡಿಯೋ ಪ್ರೋಟೀನನ್ನೂ ಹೆಚ್ಚಿಸುತ್ತೆ, ಅದಕ್ಕೆ ಕಾರ್ಟಿಸಾಲ್ ಟೆಸ್ಟ್ ಕೂಡ ಇರೋದಕ್ಕಿಂತ ಹೆಚ್ಚು ತೋರಿಸುತ್ತೆ. ಎರಡು ತಿಂಗಳು ಬಿಟ್ಟು ಐಜಿಎಫ್-1 ಮಾಡಿಸಿ, ಇಲ್ಲಿ ಹಾಕಿ.

ಧಾರವಾಡ_ಪೇಢೆ
ನಮ್ಮ ಅಕ್ಕನೂ ಎಂಟು ವರ್ಷದಿಂದ ಅದೇ ಮಾತ್ರಿ ತಗೊಳ್ಳಾಕತ್ತಾಳ್ರಿ, ಥೈರಾಯ್ಡ್ ಡೋಸು ಏರಿಸ್ತಾನೇ ಹೊಂಟಾರ. ನಾಳೆನೇ ಎರಡೂ ಚೀಟಿ ತಗೊಂಡು ಹೋಗ್ತೀನಿ.

ಕುಕ್ಕರಹಳ್ಳಿ_ವಾಕರ್
ಒಂಬತ್ತು ವಾರ ಆಯ್ತು. ನಿನ್ನೆ ರಿಪೋರ್ಟ್ ಬಂತು, 161. ಫ್ರೀ ಟಿ4 ನಡುಮಟ್ಟದಲ್ಲಿದೆ. ಉಂಗುರ ಬಿಗಿ ಆಗಿಲ್ಲ, ಸಿಡ್ನಿ ಅಕ್ಕ ಹೇಳಿದ್ದಕ್ಕೆ ದಿನಾ ತಿರುಗಿಸಿ ನೋಡ್ತಿದ್ದೆ. ಇವತ್ತು ಬೆಳಿಗ್ಗೆ ಒದ್ದೆ ಬೆಡ್‌ಶೀಟ್ ಎರಡು, ಬಕೆಟ್ ತುಂಬ, ತಾರಸಿಗೆ ಒಂದೇ ಉಸಿರಲ್ಲಿ ಅಲ್ಲ, ಆದ್ರೆ ಎಲ್ಲೂ ಕೂರದೆ ಹತ್ತಿದೆ.

ಹಸಿರುಮನೆ
ಓದಿ ಸಂತೋಷ ಆಯ್ತು. ಮೊದಲ ದಿನ ನಾನು ಬರೆದಿದ್ದನ್ನ ಅಳಿಸೋಣ ಅನ್ಕೊಂಡೆ. ಎಂಡೋ ಅವರ ಉತ್ತರ ಅದರ ಕೆಳಗೇ ಇದೆಯಲ್ಲ, ನನ್ನ ಹಾಗೆ ಯೋಚಿಸೋರು ಓದಲಿ ಅಂತ ಬಿಟ್ಟಿದ್ದೀನಿ.

ಪುಟ್ಟಿ_ಅಮ್ಮ
ನಾವೂ ಸೋಮವಾರದಿಂದ ಜೆಲ್ ಶುರುಮಾಡಿದ್ವಿ. ಒಣಗೋ ಐದು ನಿಮಿಷ ಪುಟ್ಟಿ ಎರಡೂ ಕೈ ಎತ್ತಿಕೊಂಡು ಫ್ಯಾನ್ ಕೆಳಗೆ ನಿಂತಿರ್ತಾಳೆ. ತಮ್ಮನನ್ನ ಆ ಹೊತ್ತು ಹತ್ತಿರ ಬಿಟ್ಕೊಳ್ಳಲ್ಲ.